ಇಪ್ಪತ್ತು ದಿನದ ಅಪ್ಪ

ಕ್ವೊ ಶುನ್-ಫಾನನ್ನು ನಾನು ಮೊದಲು ಕಂಡದ್ದು ಅವನ ಮಗ ಬಿಸ್ಕತ್ತಿನ ಹಾರವನ್ನು ತಿಂದು ಹಾಕಿದ ದಿನ. ಚಾಂದ್ರಮಾನದ ಆರನೆಯ ತಿಂಗಳು, ನೆತ್ತಿ ಸುಡುವ ಬಿಸಿಲು. ತುಂಗ್‌ಕಾಂಗ್ ಬಂದರಿನ ಹಿಂದಿನ ಓಣಿಗೆ ನಾನು ಬಾಡಿಗೆಗೆ ಬಂದು ಮೂರು ದಿನವಾಗಿತ್ತು. ಶಾಲೆ ತೆರೆಯಲು ಇನ್ನೂ ತಿಂಗಳ ಮೇಲಿತ್ತು. ಎದುರು ಮನೆಯ ಮುದುಕಿ, ಓಣಿಯವರೆಲ್ಲ ಆ-ಮಾ ಎಂದೇ ಕರೆಯುವ ಶುನ್-ಫಾನ ತಾಯಿ, ಬಾಗಿಲಿಗೆ ಬಂದು ಮೊಮ್ಮಗನ ಜೊಲ್ಲು ಒರೆಸುವ ಶಾಸ್ತ್ರವಿದೆ, ಮೇಷ್ಟ್ರಾದವರು ಒಂದು ಬಿಸ್ಕತ್ತು ಮುರಿದರೆ ಹುಡುಗನಿಗೆ ಅಕ್ಷರ ಹತ್ತುತ್ತದೆ ಎಂದು ಕರೆದಳು.

ನಾಲ್ಕು ತಿಂಗಳು ತುಂಬಿದ ಕೂಸಿಗೆ ಮಾಡುವ ಶಾಸ್ತ್ರ ಅದು. ಕೆಂಪು ದಾರದಲ್ಲಿ ಹನ್ನೆರಡು ಬಿಸ್ಕತ್ತು ಪೋಣಿಸಿ ಕೊರಳಿಗೆ ಹಾಕುತ್ತಾರೆ. ಬಂದವರು ಒಂದೊಂದನ್ನೇ ಮುರಿದು ಕೂಸಿನ ತುಟಿಗೆ ಸವರಿ, ಜೊಲ್ಲು ನಿಲ್ಲಲಿ ಎಂದು ಹರಸುತ್ತಾರೆ. ಆದರೆ ಈ ಕೂಸಿಗೆ ಆಗಲೇ ಹನ್ನೊಂದು ತಿಂಗಳು. ಬಾಯಲ್ಲಿ ಆರು ಹಲ್ಲು. ಮೊದಲಿನ ಇಬ್ಬರು ನೆಂಟರು ಮುರಿಯುವಷ್ಟರಲ್ಲಿ ಅದು ಹಾರವನ್ನು ಎರಡೂ ಕೈಯಲ್ಲಿ ಹಿಡಿದು ಕಟಕಟನೆ ಅಗಿಯತೊಡಗಿತು. ನನ್ನ ಸರದಿ ಬಂದಾಗ ಉಳಿದದ್ದು ಒಂದೂವರೆ ಬಿಸ್ಕತ್ತು.

"ಜೊಲ್ಲು ನಿಲ್ಲಲಿ ಅಂತ ಬಂದ್ರೆ ಇವ್ನು ನಮಗೆ ಜೊಲ್ಲು ಸುರಿಸ್ತಿದಾನೆ," ಎಂದು ಪಕ್ಕದ ಮನೆಯ ಹುಂಗ್-ಮೈ ನಕ್ಕಳು. "ಇನ್ನೆರಡು ತಿಂಗಳು ಕಾದಿದ್ರೆ ಶಾಸ್ತ್ರಾನ ಇವ್ನೇ ನಿಂತು ಮಾಡಿಸ್ತಿದ್ದ."

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದವನು ಶುನ್-ಫಾ. ಕಪ್ಪಗೆ ಸುಟ್ಟ ಮೈ, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಎಂಜಿನ್ ಎಣ್ಣೆ. ಮಗು ಅವನ ತೊಡೆಯಿಂದ ಜಾರಿ ಜಾರಿ ತಾಯಿಯ ಕಡೆಗೆ ಹೋಗಲು ನೋಡುತ್ತಿತ್ತು. ಅವನು ಪ್ರತಿ ಸಲವೂ ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಬೇರೆಯವರ ಮನೆಯ ಪಿಂಗಾಣಿ ಬಟ್ಟಲನ್ನು ಹಿಡಿದವನ ಹಾಗಿತ್ತು ಆ ಹಿಡಿತ.

ಶುನ್-ಫಾ ಟ್ಯೂನಾ ಹಿಡಿಯುವ ದೊಡ್ಡ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಹಡಗು ದೂರದ ಸಮುದ್ರದಲ್ಲೇ ಇರುತ್ತಿತ್ತು. ವರ್ಷಕ್ಕೊಮ್ಮೆ ಆರನೆಯ ತಿಂಗಳಲ್ಲಿ ತಳ ಕೆರೆದು ಬಣ್ಣ ಬಳಿಯಲು ತುಂಗ್‌ಕಾಂಗ್‌ಗೆ ಬರುತ್ತಿತ್ತು. ಆಗ ಅವನಿಗೆ ಮನೆಯಲ್ಲಿ ಇಪ್ಪತ್ತು ದಿನ. ಎಂಜಿನ್ನು ಬಿಚ್ಚಿ ಜೋಡಿಸುವ ದಿನಗಳನ್ನು ಕಳೆದರೆ ಇನ್ನೂ ಕಡಿಮೆ. ಹಿಂದಿನ ವರ್ಷ ಅವನು ಹಡಗು ಹತ್ತಿದ ಹನ್ನೊಂದನೆಯ ದಿನಕ್ಕೆ ಮಗ ಆ-ಶುಯ್ ಹುಟ್ಟಿದ್ದ. ಹಿರಿಯವಳು ಆ-ವೆನ್ ಹುಟ್ಟಿದಾಗಲೂ ಅವನು ಇರಲಿಲ್ಲ.

ಅವನ ಹೆಂಡತಿ ಪಾವ್-ಲಿಯೆನ್ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. ಮಕ್ಕಳ ಒಳ್ಳೆಯ ದಿನಗಳನ್ನೆಲ್ಲ ಅವಳು ಗಂಡನಿಗಾಗಿ ತೆಗೆದಿಡುತ್ತಿದ್ದಳು. ನಾಲ್ಕು ತಿಂಗಳ ಶಾಸ್ತ್ರ ಕೂಸಿಗೆ ಹನ್ನೊಂದು ತಿಂಗಳಾದಾಗ ನಡೆಯಿತು. ಅದಾದ ವಾರಕ್ಕೆ ಮೊದಲ ಹುಟ್ಟುಹಬ್ಬದ ತಟ್ಟೆ ಇಟ್ಟರು, ಅದೂ ಹುಟ್ಟಿದ ದಿನಕ್ಕೆ ಇಪ್ಪತ್ತು ದಿನ ಮುಂಚೆ. ಲೇಖನಿ, ಕತ್ತರಿ, ಈರುಳ್ಳಿ ದಂಟು, ಅಳತೆ ಕೋಲು ಇಟ್ಟು, ಮುಂದೆ ಏನಾಗುತ್ತಾನೆಂದು ತಿಳಿಯಲು, ಮಗು ಯಾವುದನ್ನು ಮುಟ್ಟುತ್ತದೆ ಎಂದು ಎಲ್ಲರೂ ಸುತ್ತ ಕುಳಿತು ನೋಡಿದರು. ಆ-ಶುಯ್ ಅಳತೆ ಕೋಲು ಹಿಡಿದ. ಎರಡೂ ಶಾಸ್ತ್ರಗಳ ನಡುವೆ ಒಂದು ದಿನ ಮನೆಯವರೆಲ್ಲ ಬಿದಿರು ತೆಪ್ಪದಲ್ಲಿ ಸಿಂಪಿ ಸಾಕುವ ಹಿನ್ನೀರು ದಾಟಿ, ಆಚೆಯ ಮರಳು ದಿಬ್ಬಕ್ಕೆ ಹೋದರು. ಬೇಸಿಗೆಯಲ್ಲಿ ಅದೊಂದು ಅವರ ತಪ್ಪದ ವಾಡಿಕೆ. ಕಲ್ಲಂಗಡಿ, ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ, ಬಾಳೆ ಎಲೆಯ ಮೇಲೆ ತಣ್ಣಗಾದ ಹುರಿದ ಶಾವಿಗೆ. ಆ-ಮಾ ಕೊಡೆಯ ಕೆಳಗೆ ಕುಳಿತು ಎಲ್ಲರನ್ನೂ ಗದರುತ್ತಿದ್ದಳು.

ಆ ದಿಬ್ಬದ ಮೇಲೆ ಪಾವ್-ಲಿಯೆನ್ ಮಗುವನ್ನು ಮರಳಿನಲ್ಲಿ ನಿಲ್ಲಿಸಿ ಕೈಬಿಟ್ಟಳು. ಮಗು ತೂರಾಡಿತು, ಕುಳಿತಿತು, ಮತ್ತೆ ಎದ್ದು ನಾಲ್ಕು ಹೆಜ್ಜೆ ಇಟ್ಟು ಶುನ್-ಫಾನ ಮೊಣಕಾಲಿಗೆ ಅಪ್ಪಳಿಸಿತು. "ನೋಡು, ನಡೀತು. ನಿನಗೋಸ್ಕರಾನೇ ಕಾದಿತ್ತು," ಎಂದಳು ಪಾವ್-ಲಿಯೆನ್. ಐದು ವರ್ಷದ ಆ-ವೆನ್ ತಾಯಿಯ ಮುಖವನ್ನೇ ನೋಡುತ್ತ, ಸ್ವಲ್ಪ ತಡವಾಗಿ ಚಪ್ಪಾಳೆ ತಟ್ಟಿದಳು. ಶುನ್-ಫಾ ಕೂಡ ಚಪ್ಪಾಳೆ ತಟ್ಟಿದ. ಮಗುವನ್ನು ತಲೆಯ ಮೇಲಕ್ಕೆತ್ತಿ ಕುಣಿಸಿದ.

ಅವನಿಗೆ ಮೊದಲೇ ಗೊತ್ತಿತ್ತು. ಇದನ್ನು ಅವನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ಬಂದರಿನಲ್ಲಿ ಮೀನುಗಾರರ ಸಂಘದ ರೇಡಿಯೊ ಕೇಂದ್ರವಿತ್ತು. ಹೆಂಗಸರು ಸಾಲು ನಿಂತು ಸಮುದ್ರದ ಮೇಲಿರುವ ಗಂಡಂದಿರೊಡನೆ ಎರಡೆರಡು ನಿಮಿಷ ಮಾತಾಡಬಹುದಿತ್ತು. ಒಬ್ಬಳು ಆಡಿದ್ದು ರೇಡಿಯೊ ಹಚ್ಚಿಟ್ಟ ಹಡಗುಗಳಿಗೆಲ್ಲ ಕೇಳುತ್ತಿತ್ತು. ಹಾಗಾಗಿ ಬುದ್ಧಿವಂತೆಯರು, ಎಲ್ಲರೂ ಚೆನ್ನಾಗಿದ್ದೇವೆ, ಅಕ್ಕಿ ಇದೆ, ಚಳಿಗೆ ಸ್ವೆಟರ್ ಹಾಕಿಕೋ ಎಂದಷ್ಟೇ ಹೇಳಿ ಮುಗಿಸುತ್ತಿದ್ದರು. ಪಾವ್-ಲಿಯೆನ್ ಹಾಗೆಯೇ. ಹುಂಗ್-ಮೈ ಹಾಗಲ್ಲ. ಇನ್ನೊಂದು ಹಡಗಿನಲ್ಲಿದ್ದ ತನ್ನ ಗಂಡನಿಗೆ ಅವಳು ಓಣಿಯ ಸಮಾಚಾರವನ್ನೆಲ್ಲ ಒಪ್ಪಿಸುತ್ತಿದ್ದಳು. ಶುನ್-ಫಾನ ಮಗ ಅಂಗಳ ದಾಟಿ ನಡೆದು ಬಂದು ನಮ್ಮ ಕೋಳಿಯನ್ನು ಅಟ್ಟಿದ ಎಂಬ ಸುದ್ದಿ ಎಂಜಿನ್ ಕೋಣೆಯ ಪಕ್ಕದ ರೇಡಿಯೊ ಪೆಟ್ಟಿಗೆಯಿಂದ ಅವನ ಕಿವಿಗೆ ಬಿದ್ದಾಗ ಅವನು ಎಣ್ಣೆಯ ಬಟ್ಟೆ ಹಿಂಡುತ್ತಿದ್ದ. ಸುತ್ತ ಇದ್ದವರು ಬೆನ್ನು ತಟ್ಟಿದರು. ಅವನು ನಕ್ಕ. ಮರಳು ದಿಬ್ಬದಲ್ಲಿ ಹೆಂಡತಿಯ ಮುಖ ನೋಡಿದಾಗ, ಗೊತ್ತು ಎನ್ನಲು ಬಾಯಿ ಬರಲಿಲ್ಲ. ಅವಳು ಅಷ್ಟು ಜತನದಿಂದ ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಿ, ಇದು ತಂಗಳು ಎನ್ನುವುದು ಹೇಗೆ?

ಮರುವರ್ಷ ಆ-ವೆನ್ ತನ್ನ ಮೊದಲ ಹಲ್ಲನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಕಾದಿದ್ದಳು. ಕೆಳಗಿನ ಹಲ್ಲು ಬಿದ್ದರೆ ಸೂರಿನ ಮೇಲೆಸೆಯಬೇಕು, ಆಗ ಹೊಸ ಹಲ್ಲು ನೆಟ್ಟಗೆ ಬರುತ್ತದೆ. ಅಪ್ಪ ಎಸೆಯಲಿ ಎಂದು ತಾಯಿ ಹೇಳಿದ್ದರಿಂದ ಹಲ್ಲು ಏಳು ತಿಂಗಳು ಪೊಟ್ಟಣದಲ್ಲೇ ಇತ್ತು. ಶುನ್-ಫಾ ಅಂಗಳದಲ್ಲಿ ನಿಂತು ಹಲ್ಲನ್ನು ಹೆಂಚಿನ ಮೇಲೆ ಎಸೆದ. ಹೊಸದು ಬೇಗ ಬರಲಿ ಎಂದು ಹೇಳಿ, ಮಗಳ ಬಾಯಿ ತೆರೆಸಿ ನೋಡಿದ. ಆ ಜಾಗದಲ್ಲಿ ಹೊಸ ಹಲ್ಲು ಪೂರ್ತಿ ಬಂದಿತ್ತು. ಸ್ವಲ್ಪ ಸೊಟ್ಟಗೆ.

ಆ ವರ್ಷ ಹಡಗು ಹತ್ತುವ ಬೆಳಿಗ್ಗೆ ಅವನು ಹೆಂಡತಿಯಲ್ಲಿ ಒಂದನ್ನು ಕೇಳಿಕೊಂಡ. ಚೀಲಕ್ಕೆ ಬಟ್ಟೆ ತುರುಕುತ್ತ, ಅವಳ ಕಡೆ ನೋಡದೆ ಹೇಳಿದ:

"ಹುಡುಗನ್ನ ನೀರಿಗೆ ನಾನೇ ಇಳಿಸ್ತೀನಿ. ಐದು ತುಂಬ್ಲಿ. ಈಜು ಒಂದನ್ನ ನನಗೆ ಬಿಡು, ಪಾವ್-ಲಿಯೆನ್. ಅದೊಂದನ್ನ."

"ಎಲ್ಲಾನೂ ನಿನಗೇ ಇಡ್ತಿದೀನಲ್ಲ," ಎಂದಳು ಅವಳು, ತುಸು ನೊಂದುಕೊಂಡು. ಅವನು ಇನ್ನೇನನ್ನೂ ಬಿಡಿಸಿ ಹೇಳಲಿಲ್ಲ. ಅಣಿ ಮಾಡಿ ಮುಂದಿಟ್ಟದ್ದು ಅವನಿಗೆ ಬೇಕಿರಲಿಲ್ಲ. ತನ್ನ ಕೈಯಲ್ಲೇ ಮೊದಲಾಗುವುದು ಒಂದಾದರೂ ಬೇಕಾಗಿತ್ತು. ಅವನ ಪ್ರಕಾರ ಅಷ್ಟು ಸಿಕ್ಕಿದರೆ ಸಾಕು. ಆಗ ಮಗ ದೊಡ್ಡವನಾದ ಮೇಲೆ ಅಪ್ಪ ಇರಲಿಲ್ಲ ಎನ್ನಲಾರ.

ಆ-ಶುಯ್‌ಗೆ ಐದು ತುಂಬುವ ವರ್ಷ ಹಡಗು ತಡವಾಗಿ ಬಂತು. ಶುನ್-ಫಾ ದಂಡೆಗಿಳಿಯುವ ಹೊತ್ತಿಗೆ ಏಳನೆಯ ತಿಂಗಳು ಹುಟ್ಟಿ ನಾಲ್ಕು ದಿನವಾಗಿತ್ತು. ಸತ್ತವರಿಗೆ ಬಾಗಿಲು ತೆರೆಯುವ ತಿಂಗಳು ಅದು. ನೀರಲ್ಲಿ ಹೋದವರು ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುತ್ತಿರುತ್ತಾರೆ. ಬಂದರಿನ ಮನೆಗಳಲ್ಲಿ ಆ ತಿಂಗಳು ಮಕ್ಕಳನ್ನು ಕಾಲುವೆಯ ಹತ್ತಿರಕ್ಕೂ ಬಿಡುವುದಿಲ್ಲ. ಶುನ್-ಫಾ ಕೇಳಿದ್ದಕ್ಕೆ ಆ-ಮಾ, ನಿನ್ನಪ್ಪ ಆ ನೀರಲ್ಲೇ ಇದಾನೆ, ಮೊಮ್ಮಗನನ್ನು ಕರೆದರೆ ಬೇಡ ಎನ್ನಲು ನಿನ್ನ ಕೈಲಾಗುತ್ತದೆಯೇ ಎಂದು ಕೇಳಿದಳು. ಅಲ್ಲಿಗೆ ಮಾತು ಮುಗಿಯಿತು. ಆ ಇಪ್ಪತ್ತು ದಿನ ಅವರು ಎಲ್ಲಿಗೂ ಹೋಗಲಿಲ್ಲ. ಅಂಗಳದಲ್ಲಿ ಧೂಪ ಹಚ್ಚಿ, ಸತ್ತವರಿಗೆಂದು ಕಾಗದದ ಹಣ ಸುಟ್ಟು, ಒಂದು ಸಲ ಮಂಜುಗಡ್ಡೆ ಹೆರೆದು ಮಾಡಿದ ಸಿಹಿ ತಿನ್ನಲು ಪೇಟೆಗೆ ಹೋಗಿ ಬಂದರು. ಆರನೆಯ ವರ್ಷವೂ ಬಿರುಗಾಳಿಯಿಂದಾಗಿ ಹಡಗು ತಡವಾಯಿತು. ಆಗಲೂ ಹಾಗೆಯೇ.

ಏಳನೆಯ ವರ್ಷ ಹಡಗು ಸರಿಯಾದ ಹೊತ್ತಿಗೆ ಬಂತು. ಬಂದ ಎರಡನೆಯ ದಿನವೇ ಅವನು ತೆಪ್ಪ ಗೊತ್ತು ಮಾಡಿದ. ದಿಬ್ಬದಲ್ಲಿ ಊಟ ಬಿಚ್ಚುವುದಕ್ಕೂ ಬಿಡದೆ ಮಗನ ಕೈ ಹಿಡಿದು ನೀರಿಗೆ ಇಳಿದ. ಎದೆಮಟ್ಟದ ನೀರಿನಲ್ಲಿ ನಿಂತು, ಹುಡುಗನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಮಲಗಿಸಿ, ಕಾಲು ಬಡಿ, ಕೈ ಚಾಚು ಎಂದ. ಆ-ಶುಯ್ ಕಾಲು ಬಡಿದ. ನೀರು ಕುಡಿದ. ಕೆಮ್ಮಿದ. ಹೆದರಿದೆ ಎಂದ. ಶುನ್-ಫಾನ ಮುಖ ಬೆಳಗುತ್ತಿತ್ತು. ಹೀಗೆ ಕಾಲು ಗಂಟೆ ಕಳೆಯಿತು. ಆಗ ದೂರದಲ್ಲಿ ಹೋದ ಮೋಟಾರು ದೋಣಿಯ ಅಲೆಯೊಂದು ಬಂದು ಅವರಿಬ್ಬರ ಮೇಲೂ ಮಗುಚಿತು. ಶುನ್-ಫಾನ ಕೈ ತಪ್ಪಿತು. ಅವನು ಗಾಬರಿಯಿಂದ ತಿರುಗಿ ನೋಡಿದರೆ ಹುಡುಗ ಮುಳುಗಿರಲಿಲ್ಲ. ಅಲೆಯ ಕೆಳಗೆ ನುಸುಳಿ, ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ ಉಸಿರೆಳೆದುಕೊಂಡು, ನಾಲ್ಕು ಬೀಸು ಬೀಸಿ ಆಳವಿಲ್ಲದ ಕಡೆ ನಿಂತಿದ್ದ. ಮೊದಲ ದಿನ ಯಾರೂ ಹಾಗೆ ಪಕ್ಕಕ್ಕೆ ಉಸಿರೆಳೆಯುವುದಿಲ್ಲ.

ಹುಡುಗನಿಗೂ ಅದು ತಿಳಿಯಿತು. ತಟ್ಟನೆ ನೀರಿನಲ್ಲಿ ಕುಳಿತು ಮತ್ತೆ ಕೆಮ್ಮತೊಡಗಿದ.

"ಸಾಕು ಕೆಮ್ಮಿದ್ದು," ಎಂದ ಶುನ್-ಫಾ. "ಯಾರೋ ಕಲ್ಸಿದ್ದು?"

ಆ-ಶುಯ್ ದಡದ ಕಡೆ ನೋಡಿದ. "ಅಮ್ಮ ಹೇಳ್ಬೇಡ ಅಂದಿದಾರೆ."

"ಸರಿ. ಹೇಳ್ಬೇಡ."

"ಅಪ್ಪಾ, ನಾನು ಇನ್ನೊಂದ್ಸಲ ಮುಳುಗ್ಲಾ?"

ಶುನ್-ಫಾ ಬೇಡವೆಂದು ತಲೆಯಾಡಿಸಿದ. ಮಗನ ತಲೆಯ ಮೇಲೆ ಕೈಯಿಟ್ಟು, ಅಕ್ಕನ ಜೊತೆ ಆಡಿಕೋ ಹೋಗು ಎಂದು ಕಳಿಸಿದ.

ಪಾವ್-ಲಿಯೆನ್ ಕಲ್ಲಂಗಡಿ ಹೆಚ್ಚುತ್ತಿದ್ದಳು. ಗಂಡ ಬಂದು ಎದುರಿಗೆ ಕುಳಿತ ರೀತಿಯಿಂದಲೇ ಅವಳಿಗೆ ಅರ್ಥವಾಯಿತು. ಚಾಕುವನ್ನು ಕೆಳಗಿಡದೆ ತಾನಾಗಿಯೇ ಹೇಳಿದಳು. ವಸಂತದಲ್ಲಿ ಹುಂಗ್-ಮೈಯ ಕಿರಿಯ ಮಗ ಧಕ್ಕೆಯ ಮೆಟ್ಟಿಲಿನಿಂದ ಜಾರಿ ನೀರಿಗೆ ಬಿದ್ದು ತೀರಿಕೊಂಡಿದ್ದ. ಆ-ಶುಯ್‌ಗಿಂತ ಒಂದು ವರ್ಷಕ್ಕೆ ದೊಡ್ಡವನು, ಈಜು ಬರುತ್ತಿರಲಿಲ್ಲ. ಹೆಣ ತೆಗೆದ ದಿನ ಪಾವ್-ಲಿಯೆನ್ ಮಗನನ್ನು ಎಳೆದುಕೊಂಡು ತನ್ನ ತಮ್ಮನ ಮನೆಗೆ ಹೋಗಿ, ಒಂದು ವಾರದೊಳಗೆ ಇವನಿಗೆ ಈಜು ಬರಬೇಕು ಎಂದು ಬಿಟ್ಟು ಬಂದಿದ್ದಳು.

"ಕಲ್ಸಿದ್ದು ತಪ್ಪು ಅಂತಿಲ್ಲ ನಾನು," ಎಂದ ಶುನ್-ಫಾ. "ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ. ಬಂದ ದಿನ ಹೇಳ್ಬಹುದಿತ್ತಲ್ಲ. ಮಗೂಗೆ ಮುಳುಗೋದನ್ನ ಹೇಳ್ಕೊಟ್ಟಿದೀಯ."

"ಹೇಳಿದ್ರೆ ನಿನ್ನ ಮುಖ ಹೀಗಾಗುತ್ತೆ ಅಂತ ಗೊತ್ತಿತ್ತು. ಇಪ್ಪತ್ತು ದಿನ ಇರೋನು. ಬೇಜಾರು ಮಾಡ್ಕೊಂಡು ಹೋದ್ರೆ ವರ್ಷ ಪೂರ್ತಿ ಸಮುದ್ರದ ಮೇಲೆ ಅದನ್ನೇ ಅಗೀತಿರ್ತೀಯ. ಅದಕ್ಕೇ."

"ಅವ್ನು ನಡೆದಿದ್ದೂ ನನಗೆ ಗೊತ್ತಿತ್ತು."

ಅವಳು ಕತ್ತೆತ್ತಿದಳು.

"ರೇಡಿಯೋದಲ್ಲಿ ಕೇಳಿದ್ದೆ. ಹುಂಗ್-ಮೈ ಹೇಳಿದ್ಳು. ಬರೋದಕ್ಕೆ ಮುಂಚೇನೇ."

ಪಾವ್-ಲಿಯೆನ್ ಉಳಿದ ಹಣ್ಣನ್ನು ಹೆಚ್ಚಿ ಮುಗಿಸಿದಳು. ಆ-ಮಾ ಕೊಡೆಯ ಕೆಳಗೆ ತೂಕಡಿಸುತ್ತಿದ್ದಳು. ಮಕ್ಕಳು ನೀರಿನಂಚಿನಲ್ಲಿ ಏಡಿಯ ಬಿಲ ಅಗೆಯುತ್ತಿದ್ದರು. ಕೊನೆಗೆ ಅವಳು ಕೇಳಿದಳು:

"ಗೊತ್ತಿದ್ದೂ ಚಪ್ಪಾಳೆ ಹೊಡೆದ್ಯಾ?"

"ಹೂಂ."

"ಆರು ವರ್ಷ ನಾನೊಬ್ಳೇ ಸುಳ್ಳು ಹೇಳ್ತಿದೀನಿ ಅಂತ ಎಷ್ಟು ಸಲ ನಿದ್ದೆ ಬಿಟ್ಟಿದೀನಿ ಗೊತ್ತಾ? ಒಂದು ಮಾತು ಅಂದಿದ್ರೆ ಆವತ್ತೇ ನಿಲ್ಲಿಸ್ತಿದ್ದೆ." ಹೆಚ್ಚಿದ ಹೋಳುಗಳನ್ನು ತಟ್ಟೆಗೆ ಜೋಡಿಸಿ ಅವನ ಮುಂದೆ ತಳ್ಳಿದಳು. "ತಿನ್ನು. ಮಕ್ಕಳು ನೋಡ್ತಿದಾರೆ."

ಅವನು ತಿಂದ. ಮಕ್ಕಳೂ ಬಂದು ತಿಂದರು. ಗುಟ್ಟು ಬಯಲಾದದ್ದು ತಾಯಿಗೆ ಗೊತ್ತಾಗಿದೆ ಎಂದು ತಿಳಿಯದ ಆ-ಶುಯ್, ಅಪ್ಪ ಎಷ್ಟು ಚೆನ್ನಾಗಿ ಕಲಿಸಿದರು ಎಂದು ಆ-ಮಾಗೆ ವರ್ಣಿಸಿ ಹೇಳಿದ. ಯಾರೂ ಅವನನ್ನು ತಡೆಯಲಿಲ್ಲ.

ಆ ಸಲ ಹಡಗು ಹತ್ತಿದ ಶುನ್-ಫಾ ಒಂದೇ ವರ್ಷಕ್ಕೆ ಕೆಲಸ ಬಿಟ್ಟು ದಂಡೆಗೆ ಬಂದ. ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹಡಗಿನವರು ಅವನನ್ನು ಹುಚ್ಚನೆಂದರು. ಪಾವ್-ಲಿಯೆನ್ ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬರುತ್ತೇನೆ ಎಂದವನಿಗೆ ಬಟ್ಟೆಯ ಕಪಾಟಿನಲ್ಲಿ ಎರಡು ಖಾನೆ ಖಾಲಿ ಮಾಡಿಕೊಟ್ಟಳು. ಇನ್ನು ಮೇಲೆ ಎಲ್ಲವನ್ನೂ ಆಗುವಾಗಲೇ ನೋಡಬಹುದು ಎಂದು ಅವನು ನಂಬಿದ್ದ. ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಅದನ್ನು ಎರಡು ಮೂರು ಸಲ ಹೇಳಿದ್ದುಂಟು.

ಮೊದಲ ಇಪ್ಪತ್ತು ದಿನ ಎಂದಿನಂತೆ ಕಳೆದವು. ಮಕ್ಕಳು ಒಳ್ಳೆಯ ಅಂಗಿ ಹಾಕಿಕೊಂಡರು, ತೆಪ್ಪದಲ್ಲಿ ಹೋಗಿ ಬಂದರು, ಅವನ ಪಕ್ಕದಲ್ಲಿ ಕುಳಿತು ಉಂಡರು. ಇಪ್ಪತ್ತೊಂದನೆಯ ದಿನ ಬಂತು, ಮೂವತ್ತನೆಯದು ಬಂತು. ರಜೆ ಮುಗಿದರೂ ಊರಿಗೆ ಹೊರಡದ ನೆಂಟನ ಹಾಗೆ ಅವನು ಮನೆಯಲ್ಲಿದ್ದ. ಮಕ್ಕಳಿಗೆ ಅವನೊಡನೆ ಹಬ್ಬ ಮಾಡಿ ಗೊತ್ತಿತ್ತು. ಬರಿಯ ದಿನ ಕಳೆದು ಗೊತ್ತಿರಲಿಲ್ಲ. ಭಾನುವಾರ ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಇಬ್ಬರೂ ತಾಯಿಯ ಮುಖ ನೋಡುತ್ತಿದ್ದರು. ಶರತ್ಕಾಲದ ಒಂದು ಸಂಜೆ ಅವನು ಆ-ಶುಯ್‌ನ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದಾಗ ಹುಡುಗ ಬಹಳ ಮರ್ಯಾದೆಯಿಂದ ಕೇಳಿದ:

"ಅಪ್ಪಾ, ನಿಮ್ಮ ಹಡಗು ಯಾವಾಗ?"

ಹಡಗಿಲ್ಲ, ಇನ್ನು ಇಲ್ಲೇ ಇರುತ್ತೇನೆ ಎಂದು ಶುನ್-ಫಾ ಎಷ್ಟೋ ಸಲ ಹೇಳಿದ್ದ. ಅಂದೂ ಹೇಳಿದ. ಹುಡುಗ ಹೂಂಗುಟ್ಟಿ, ಸೈಕಲ್ಲು ತೆಗೆದುಕೊಂಡು ಹೊರಟುಹೋದ.

ಸುದ್ದಿಗಳು ಅವನಿಗೆ ಹಳೆಯ ದಾರಿಯಲ್ಲೇ ಬರುತ್ತಿದ್ದವು. ಆ-ವೆನ್ ಓಟದಲ್ಲಿ ಗೆದ್ದರೆ ಅಡುಗೆಮನೆಯಲ್ಲಿ ತಾಯಿಗೆ ಹೇಳುತ್ತಿದ್ದಳು. ತಾಯಿ ಅದನ್ನು ಒಪ್ಪವಾಗಿ ಊಟದ ಹೊತ್ತಿಗೆ ಅವನ ಮುಂದಿಡುತ್ತಿದ್ದಳು. ಸೋತದ್ದು, ಅತ್ತದ್ದು, ಬೈಸಿಕೊಂಡದ್ದು ಅವನ ತನಕ ಬರುತ್ತಲೇ ಇರಲಿಲ್ಲ. ಆ-ಶುಯ್ ಒಮ್ಮೆ ಪರೀಕ್ಷೆಯಲ್ಲಿ ನಪಾಸಾದದ್ದು ಅವನಿಗೆ ಓಣಿಯ ಕ್ಷೌರಿಕನಿಂದ ತಿಳಿಯಿತು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಹುಡುಗ ನಿಜವಾಗಿಯೂ ಅರ್ಥವಾಗದೆ ಅವನನ್ನು ನೋಡಿದ. ನಿಮಗೆ ಬೇಜಾರಾಗುವುದನ್ನು ಹೇಳಬಾರದು ಅಂತ ಅಲ್ಲವೇ ಇರುವುದು ಎಂದ. ಅದನ್ನು ಅವನಿಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ.

ಪಾವ್-ಲಿಯೆನ್ ತಿದ್ದಲು ನೋಡಿದಳು. ಅಪ್ಪನಿಗೆ ಹೋಗಿ ಹೇಳು ಎಂದು ಮಕ್ಕಳನ್ನು ದೂಡುತ್ತಿದ್ದಳು. ಅವರು ಬಂದು ಎದುರಿಗೆ ನಿಂತು, ಪಾಠ ಒಪ್ಪಿಸುವ ಹಾಗೆ ಒಪ್ಪಿಸಿ ಹೋಗುತ್ತಿದ್ದರು. ಅವನೂ ಯಂತ್ರದ ಜೊತೆ ಬೆಳೆದವನು, ಮಾತು ತೆಗೆಯಲು ಬಾರದು. ಚೆನ್ನಾಯ್ತು ಎಂದು ಹೇಳುತ್ತಿದ್ದ. ಕೆಲವೊಮ್ಮೆ ಕೈ ತಾನಾಗಿಯೇ ಚಪ್ಪಾಳೆಗೆ ಏಳುತ್ತಿತ್ತು. ಎರಡು ಬೇಸಿಗೆಗಳ ನಂತರ ಅವರು ಮರಳು ದಿಬ್ಬಕ್ಕೆ ಹೋಗುವುದನ್ನು ನಿಲ್ಲಿಸಿದರು. ಇಂಥ ದಿನದಿಂದ ಎಂದು ನಿಲ್ಲಿಸಿದ್ದಲ್ಲ. ಒಂದು ವರ್ಷ ಆ-ವೆನ್‌ಗೆ ಪಾಠವಿತ್ತು, ಇನ್ನೊಂದು ವರ್ಷ ಆ-ಮಾ ತೀರಿಕೊಂಡಳು, ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಆ-ಶುಯ್ ಈಗ ತೈಚುಂಗ್‌ನಲ್ಲಿ ಲಿಫ್ಟು ರಿಪೇರಿಯ ಕೆಲಸದಲ್ಲಿದ್ದಾನೆ. ತಿಂಗಳಿಗೆ ಎರಡು ಸಲ ತಾಯಿಗೆ ಫೋನು ಮಾಡುತ್ತಾನೆ. ಅವನ ಮದುವೆ ಗೊತ್ತಾದದ್ದನ್ನೂ ಮೂರು ವರ್ಷದಲ್ಲೇ ಅದು ಮುರಿದದ್ದನ್ನೂ ಶುನ್-ಫಾ ಕೇಳಿದ್ದು ಪಾವ್-ಲಿಯೆನ್‌ಳ ಬಾಯಿಂದ. ಎರಡನೆಯದನ್ನು ಅವಳು ಒಂದು ವರ್ಷ ತಡೆದು ಹೇಳಿದಳು. ಆಗ ಅವನು ಸಿಟ್ಟಾಗಲಿಲ್ಲ. ಹುಡುಗ ಸರಿಯಾಗಿ ಉಣ್ಣುತ್ತಾನಂತೆಯೇ ಎಂದಷ್ಟೇ ಕೇಳಿದ.

ಕಳೆದ ಎರಡು ವರ್ಷದಿಂದ ಶುನ್-ಫಾ ವಾರದ ಆರು ದಿನ ಕವೋಶಿಯುಂಗ್‌ನಲ್ಲಿ ಆ-ವೆನ್‌ಳ ಮನೆಯಲ್ಲಿರುತ್ತಾನೆ. ಅವಳು ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಮೇಲ್ವಿಚಾರಕಿ. ಗಂಡ ದೂರದ ಊರಿನಲ್ಲಿ ಕಟ್ಟಡ ಕೆಲಸದವನು. ನಲವತ್ತರ ಹತ್ತಿರ ಹುಟ್ಟಿದ ಒಬ್ಬಳೇ ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಕರೆತರಲು ಜನ ಬೇಕಾಗಿತ್ತು. ಅವಳು ಕೇಳಿದ್ದು ತಾಯಿಯನ್ನು. ಪಾವ್-ಲಿಯೆನ್‌ಳ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ. ಅವನು ನಾನು ಹೋಗುತ್ತೇನೆ ಎಂದ. ಶನಿವಾರ ಸಂಜೆ ಬಸ್ಸಿನಲ್ಲಿ ಊರಿಗೆ ಬಂದು ಭಾನುವಾರ ಹೆಂಡತಿಯೊಡನೆ ಇದ್ದು ಹಿಂದಿರುಗುತ್ತಾನೆ. ಹೀಗೆ ಬಂದು ಹೋಗುವುದೇ ನಮಗಿಬ್ಬರಿಗೂ ಒಗ್ಗಿದ್ದು ಎಂದು ಪಾವ್-ಲಿಯೆನ್ ಅಂಗಳದಲ್ಲಿ ಮೀನು ಒಣಹಾಕುತ್ತ ನನ್ನ ಹೆಂಡತಿಗೆ ಹೇಳಿದಳಂತೆ. ನಗುತ್ತಲೇ ಹೇಳಿದಳಂತೆ.

ಶಿಶುವಿಹಾರ ಬಿಡುವುದು ನಾಲ್ಕು ಗಂಟೆಗೆ. ಅವನು ಮೂರೂವರೆಗೆ ಗೇಟಿನ ಎದುರು ಬೇಲಿಯ ನೆರಳಿನಲ್ಲಿ ನಿಂತಿರುತ್ತಾನೆ. ಏನಾಯಿತು ಇವತ್ತು ಎಂದು ಮೊಮ್ಮಗಳನ್ನು ಕೇಳುವುದಿಲ್ಲ. ಅವಳು ಕೆಲವು ದಿನ ಅಳುತ್ತ ಬರುತ್ತಾಳೆ, ಕೆಲವು ದಿನ ಸಿಟ್ಟಿನಲ್ಲಿ ಬರುತ್ತಾಳೆ, ಹೆಚ್ಚಿನ ದಿನ ಏನೂ ಇರುವುದಿಲ್ಲ. ಚೀಲವನ್ನು ತಾತನ ಕೈಗೆ ತುರುಕಿ, ಮಾತಿಲ್ಲದೆ ಮುಂದೆ ನಡೆಯುತ್ತಾಳೆ. ಅವನು ಎರಡು ಹೆಜ್ಜೆ ಹಿಂದೆ ನಡೆಯುತ್ತಾನೆ.